ಹವಳದ ಕೋಟೆಯ ಏಳು ಕೊಂಬೆ

ಅದೊಂದು ಕಾಲ, ಏಳು ಕಡಲಾಚೆ ಮುತ್ತುಗುಡ್ಡೆ ಅಂತ ಒಂದು ದ್ವೀಪ, ಅದಕ್ಕೊಬ್ಬ ರಾಜ. ದ್ವೀಪದ ಸುತ್ತ ನೀರಿನಡಿ ಹವಳದ ಕೋಟೆ. ಯಾರೂ ಕಟ್ಟಿದ್ದಲ್ಲ, ತಾನಾಗಿ ಬೆಳೆದದ್ದು. ಕೋಟೆಯಾಚೆ ನುಂಗುಬಾಯಿ ಎಂಬ ಮೃಗ ಹೊಂಚಿ ಕೂತಿತ್ತು. ಅಯ್ಯಯ್ಯೋ, ಅದರ ಸುದ್ದಿ ಎತ್ತಿದರೆ ನನಗೇ ಮೈ ಜುಮ್ಮೆನ್ನುತ್ತದೆ!

ಒಂದು ದಿನ ಬೂದಿಕಣ್ಣ ಎಂಬ ಮಾಂತ್ರಿಕ ಬಂದ. "ಹವಳ ಸುಟ್ಟು ಸುಣ್ಣ ಮಾಡಿ ಗೋಡೆಗೆ ಬಳಿಯಿರಿ. ಮೃಗ ಹತ್ತಿರ ಸುಳಿಯದು" ಎಂದ. ಜನ ನಂಬಿದರು. ಹಬ್ಬ ಹಬ್ಬಕ್ಕೂ ಹವಳ ಒಡೆದರು, ಸುಟ್ಟರು, ಬಳಿದರು. ಮನೆಗಳೇನೋ ಬೆಳ್ಳಗಾದವು, ಕೋಟೆಯಲ್ಲಿ ಕಂಡಿ ಬಿತ್ತು. ಆಮೇಲೆ ಪ್ರತಿ ಅಮಾವಾಸ್ಯೆಯ ನಡುಮಧ್ಯಾಹ್ನ ನುಂಗುಬಾಯಿ ಒಳಗೆ ನುಗ್ಗತೊಡಗಿತು. ಹಿಂದೆ ನುಂಗಿದವರ ದನಿಯಲ್ಲೇ ಅವರ ಮನೆಯವರನ್ನು ಕರೆಯುತ್ತಿತ್ತು. ಓಗೊಟ್ಟವರು ಅದರ ಹೊಟ್ಟೆಗೆ ಹೋದರು.

ಕಡಲಲ್ಲಿ ಮುಳುಗಿ ಚಿಪ್ಪು ಹೆಕ್ಕುವ ದುರ್ಗಿಯ ಗಂಡ ಮಂಕಾಳ ಹಾಗೇ ಹೋದ. ಉಳಿದವಳು ನಾಲ್ಕು ವರ್ಷದ ಮಗಳು ಚಿಕ್ಕಿ. ಮುಂದಿನ ಸಲ ಅಪ್ಪನ ದನಿ ಕೇಳಿ ಕೂಸು 'ಓ' ಅಂದರೆ? ದುರ್ಗಿ ನೇರ ಅರಮನೆಗೆ ಹೋದಳು.

"ಕೋಟೆ ಎಷ್ಟು ಉಳಿದಿದೆ, ನೋಡಿ ಬಾ ತಾಯಿ" ಎಂದ ರಾಜ.

ದುರ್ಗಿ ಮೊದಲ ಸಲ ಮುಳುಗಿದಳು. ಜೀವವಿರುವ ಕೊಂಬೆ ಕಂಡಾಗಲೆಲ್ಲ ಹಗ್ಗಕ್ಕೊಂದು ಗಂಟು ಹಾಕಿದಳು. ಎಲ್ಲೆಲ್ಲೂ ಸತ್ತ ಹವಳ, ಎಲುಬಿನ ಹಾಗೆ. ಕೋಟೆ ಸುತ್ತಿ ಮುಗಿದಾಗ ಹಗ್ಗದಲ್ಲಿ ಏಳೇ ಗಂಟು.

ಎರಡನೆಯ ಸಲ ಮುಳುಗಿ, ಕೋಟೆಯ ಬುಡದಲ್ಲಿ ವಾಸವಿದ್ದ ಮುದಿ ಆಮೆಯನ್ನು ಕೇಳಿದಳು. "ಅಜ್ಜಾ, ಇದು ಮತ್ತೆ ಬೆಳೆದೀತೇ?"

"ಬೆಳೆದೀತು ಮಗಳೇ. ಆ ಏಳನ್ನು ಚೂರು ಮಾಡಿ, ಕಲ್ಲಿಗೆ ಕಟ್ಟಿ, ಕಂಡಿಗಳಲ್ಲಿ ಇಳಿಸಿ."

ಆ ಮರಳು ದ್ವೀಪದಲ್ಲಿ ಕಲ್ಲೆಂದರೆ ಮನೆಗೋಡೆಯ ಕಲ್ಲೇ. ದುರ್ಗಿ ಬಂದು ಊರಿಗೆ ಹೇಳಿದಾಗ ಬೂದಿಕಣ್ಣ ನಕ್ಕ. "ಗೋಡೆ ಕೆಡವಿ ಬಯಲಲ್ಲಿ ಕೂರುತ್ತೀರಾ? ಇವಳಿಗೆ ತಲೆ ಕೆಟ್ಟಿದೆ!" ಜನ ಬಾಗಿಲು ಹಾಕಿಕೊಂಡರು. ದುರ್ಗಿ ಹಾರೆ ತಂದು ತನ್ನ ಗೋಡೆಗೇ ಹಾಕಿದಳು.

"ಅವ್ವಾ, ನಾವೆಲ್ಲಿ ಅಡಗೋದು?" ಚಿಕ್ಕಿ ಅತ್ತಳು.

"ಅಡಗಿದವರು ಉಳಿದಿದ್ದಾರಾ ಮಗಾ?"

ಈ ಮಾತು ಕೇಳಿ ಪಕ್ಕದ ಮನೆಯವರು ಹಾರೆ ಎತ್ತಿದರು. ಆಮೇಲೆ ಇಡೀ ಊರೇ ಸುಣ್ಣ ಕೆರೆದು ಕಲ್ಲು ಹೊತ್ತಿತು. ರಾಜ ಅರಮನೆಯನ್ನೂ ಕೆಡವಿದ.

ಅಮಾವಾಸ್ಯೆ ಬಂತು. ದುರ್ಗಿ ಮೂರನೆಯ ಸಲ ಮುಳುಗಿ, ಕೊನೆಯ ಚೂರನ್ನು ಇಳಿಸಿ, ಉಸಿರು ಕಟ್ಟಿಕೊಂಡು ದಡಕ್ಕೆ ಬಂದಳು. ಸೂರಿಲ್ಲದ ಜನ ಒಬ್ಬರನ್ನೊಬ್ಬರು ಹಿಡಿದು ನಿಂತಿದ್ದರು. ಕಡಲು ತಟ್ಟನೆ ಸುಮ್ಮನಾಯಿತು.

"ಚಿಕ್ಕೀ, ಬಾ ಮಗಾ. ಅಪ್ಪ ಬಂದಿದ್ದೀನಿ."

ಮಂಕಾಳನದೇ ದನಿ! ಚಿಕ್ಕಿ ಬಾಯಿ ತೆರೆದಳು. ದುರ್ಗಿ ಆ ಬಾಯಿ ಮುಚ್ಚಿ ಕೂಸನ್ನು ಎದೆಗೊತ್ತಿಕೊಂಡಳು. ತುಟಿ ಕಚ್ಚಿದಳು, ರಕ್ತ ಸುರಿಯಿತು, ಓಗೊಡಲಿಲ್ಲ. ಯಾರೂ ಓಗೊಡಲಿಲ್ಲ.

"ಓಗೊಡ್ರೋ! ಇಲ್ಲದಿದ್ದರೆ ಅದು ನನ್ನನ್ನೇ ತಿನ್ನುತ್ತೆ!" ಬೂದಿಕಣ್ಣ ಚೀರಿದ. ಅವನು ಆ ಮೃಗದ ಆಳೆಂಬುದು ಆಗ ಬಯಲಾಯಿತು. ನೀರಿನಡಿ ಹವಳದ ಚೂರುಗಳು ಸರಸರನೆ ಬೆಳೆದು ಕಂಡಿ ಮುಚ್ಚಿದವು. ಅರ್ಧ ಒಳಗೆ ಬಂದಿದ್ದ ನುಂಗುಬಾಯಿ ಸಿಕ್ಕಿಬಿತ್ತು. ನಾಲಿಗೆ ಚಾಚಿ ಬೂದಿಕಣ್ಣನನ್ನು ಎಳೆದುಕೊಂಡು, ಹೊಟ್ಟೆ ಬಿರಿದು ಸತ್ತಿತು. ಹಿಂದೆ ಅದು ನುಂಗಿದ್ದ ಊರವರೆಲ್ಲ ಕೆಮ್ಮುತ್ತ ದಡಕ್ಕೆ ನಡೆದು ಬಂದರು.

ಮಂಕಾಳನೂ ಬಂದ. "ದುರ್ಗೀ" ಎಂದ. ಅವಳು ಹೆದರಿ ಹಿಂದೆ ಸರಿದಳು.

"ಕರೀಬೇಡ. ಸುಮ್ಮನೆ ಬಾ."

ಅವನು ಸುಮ್ಮನೆ ಬಂದ. ಅವನ ಒದ್ದೆ ಕೈ ಮುಟ್ಟಿ ನೋಡಿದ ಮೇಲೆ ಅವಳು ಗೊಳೋ ಎಂದು ಅತ್ತಳು.

ಗರಿ ಹೊದಿಸಿದ ಗುಡಿಸಲುಗಳಲ್ಲಿ ರಾಜನೂ ಜನರೂ ನೂರು ಕಾಲ ಸುಖವಾಗಿ ಬಾಳಿದರು. ಆದರೂ ಅಲ್ಲಿಯವರು ಕೂಗಿದರೆ ಓಗೊಡುವುದಿಲ್ಲವಂತೆ, ಹತ್ತಿರ ಹೋಗಿ ಭುಜ ಮುಟ್ಟಬೇಕಂತೆ.