ನೀರು ಕಂಡ ಚಾಕು

"ಆ ಚಾಕೂಗೆ ನೀರು ಮುಟ್ಟಿಸ್ಬೇಡ ಅಳಿಯ. ನಿನ್ನ ದಮ್ಮಯ್ಯ ಅಂತೀನಿ," ಎಂದಳು ಬುರುಲ್.

ಎರ್ನಿಸ್ ನಕ್ಕುಬಿಟ್ಟ. ಅತ್ತೆಯ ಎದುರಿಗೇ, ಅವಳೇ ಕರಿದಿಟ್ಟ ಹಿಟ್ಟಿನ ಬೋರ್ಸೊಕ್ ಬಾಯಿತುಂಬ ತುಂಬಿಕೊಂಡು ನಕ್ಕ.

"ಯಾಕತ್ತೆ, ಚಾಕೂಗೆ ನೆಗಡಿ ಆಗತ್ತಾ?"

ಬುರುಲ್ ನಗಲಿಲ್ಲ. ಮಡಚುವ ಚಾಕು ಅದು, ಅವಳ ತಾಯಿಯ ಕಾಲದ್ದು. ಕೊಂಬಿನ ಹಿಡಿ ಹಳದಿಗಟ್ಟಿತ್ತು, ಅಲಗಿನ ತುದಿ ಉಗುರಿನಷ್ಟು ಮುರಿದಿತ್ತು. ಮಗಳು ಸೈಕಾಲ್ ಬಾಣಂತನಕ್ಕೆಂದು ಅತ್-ಬಾಶಿ ಹಳ್ಳಿಯ ತವರಿಗೆ ಬಂದು, ಹೆಣ್ಣು ಹೆತ್ತು ಅಂದಿಗೆ ಮೂವತ್ತೊಂದು ದಿನ. ಅಷ್ಟೂ ದಿನ ಚಾಕು ಅವಳ ದಿಂಬಿನ ಕೆಳಗೆ ಬಿಚ್ಚಿದಂತೆಯೇ ಇತ್ತು. ಮಗುವಿಗೂ ಇನ್ನೂ ಹೆಸರಿಟ್ಟಿರಲಿಲ್ಲ. ನಲವತ್ತು ದಿನ ತುಂಬುವ ಮೊದಲು ಹೆಸರು ಅವಳ ಕಿವಿಗೆ ಬೀಳಬಾರದು ಎಂದು ಬುರುಲ್ ಹಟ ಹಿಡಿದಿದ್ದಳು.

ಅವಳು ಅಂದರೆ ಅಲ್ಬಾರ್ಸ್ತಿ. ಬಾಣಂತಿಯ ಎದೆಯೊಳಗಿನ ಶ್ವಾಸಕೋಶವನ್ನು ಕಿತ್ತುಕೊಂಡು ಹೊಳೆಗೆ ಓಡುವವಳು. ಅದನ್ನು ನೀರಿಗೆ ಅದ್ದಿದಳೆಂದರೆ ಬಾಣಂತಿಯ ಕತೆ ಮುಗಿದಂತೆ.

"ನಮ್ಮಮ್ಮ ಸೂಲಗಿತ್ತಿ. ಒಂದ್ಸಲ ಹೊಳೇವರೆಗೂ ಅಟ್ಟಿಸ್ಕೊಂಡು ಹೋಗಿ ಅವಳ ಹಿಮ್ಮಡೀಗೆ ಇದೇ ಚಾಕು ಹಾಕಿದ್ಲು. ತುದಿ ಅಲ್ಲೇ ಮುರೀತು. ಆಮೇಲಿಂದ ಈ ಮನೇಲಿ ಹೆತ್ತವಳ ಉಸಿರನ್ನ ಮಂತ್ರ ಹಾಕಿ ಈ ಅಲಗಿನೊಳಗೆ ಬಚ್ಚಿಡ್ತೀವಿ, ನಲವತ್ತು ದಿನ. ಅವಳು ಬಂದು ಎದೇಲಿ ಹುಡುಕ್ತಾಳೆ, ಸಿಗಲ್ಲ. ಆದ್ರೆ ಅಲಗು ನೀರು ಕಂಡ್ರೆ..." ಮಾತು ಮುಗಿಸದೆ ಬುರುಲ್ ತನ್ನ ಅಂಗಿಯ ಕೊರಳಿಗೆ ಥೂ ಥೂ ಎಂದು ಉಗಿದುಕೊಂಡಳು.

"ನಂಗೆ ಆ ಮುರಿದ ತುದಿ ನೋಡಿದ್ರೆ ಕೈ ತುರಿಸತ್ತೆ ಅಷ್ಟೆ. ಸಾಣೆ ಹಿಡಿದ್ರೆ ಅರ್ಧ ಗಂಟೆ ಕೆಲಸ," ಎಂದ ಎರ್ನಿಸ್.

ಪಾಪ, ಅವನ ಸಂಕಟವೂ ಸುಳ್ಳಲ್ಲ. ಊರಿನವರು ಅವನನ್ನು ಬಿಷ್ಕೆಕ್ ಪೇಟೆಯ ಅಳಿಯ ಎಂದು ಆಡಿಕೊಳ್ಳುತ್ತಿದ್ದರು. ಕುದುರೆ ಹತ್ತಲು ಬಾರದು, ಕುರಿ ಕೊಯ್ಯಲು ಬಾರದು. ಬರುತ್ತಿದ್ದುದು ಒಂದೇ ವಿದ್ಯೆ, ಹಳೆಯ ಜೇಬುಚಾಕುಗಳ ಅಲಗಿಗೆ ಹೊಸ ಆಕಾರ ಕೊಡುವುದು. ಅದನ್ನಾದರೂ ಈ ಮನೆಯಲ್ಲಿ ಮಾಡಿ ತೋರಿಸಬೇಕೆಂಬ ಚಪಲ ಅವನನ್ನು ದಿನವೂ ತಿನ್ನುತ್ತಿತ್ತು.

ಮಧ್ಯಾಹ್ನ ಸೈಕಾಲ್ ಮಗುವಿಗೆ ಹಾಲೂಡಿಸುತ್ತಲೇ ನಿದ್ದೆ ಹೋದಳು. ಎರ್ನಿಸ್ ದಿಂಬಿನ ಕೆಳಗೆ ಕೈ ತೂರಿಸಿ ಚಾಕು ಎಳೆದುಕೊಂಡ. ಆ ಜಾಗದಲ್ಲಿ ತನ್ನ ಹೊಸ ಚಾಕು ಬಿಚ್ಚಿಟ್ಟ. ಚಾಕು ಚಾಕುವೇ ಅಲ್ಲವೇ?

ಹಿತ್ತಲಿನ ಕೊಟ್ಟಿಗೆಯ ಕಿಟಕಿ ಹಿಮದಲ್ಲಿ ಹೂತುಹೋಗಿತ್ತು. ಹಗಲಿನಲ್ಲೂ ಒಳಗೆ ಕತ್ತಲೆ. ಸಗಣಿ ಬೆರಣಿಯ, ಕುರಿಕೊಬ್ಬಿನ, ತುಕ್ಕಿನ ಕಮಟು. ಅವನು ಚಾಕುವನ್ನು ಮಡಚಿ, ಬಿಚ್ಚಿ, ಮತ್ತೆ ಮಡಚಿ ನೋಡಿದ. ಮುರಿದ ಅಲಗಿಗೆ ಹೊಸ ಮೊನೆ ಬರಿಸಬೇಕಾದರೆ ಕೊಯ್ಯುವ ಬಾಯಿಯ ಕಡೆ ಸವೆಸಬಾರದು, ಬೆನ್ನಿನ ಕಡೆಯಿಂದ ಇಳಿಸುತ್ತ ಬರಬೇಕು. ಇಲ್ಲವಾದರೆ ಮಡಚಿದಾಗ ಮೊನೆ ಹಿಡಿಯಿಂದ ಹೊರಗೆ ಇಣುಕಿ ಜೇಬು ಹರಿಯುತ್ತದೆ. ಅಲಗಿನ ಮೇಲೆ ಪೆನ್ನಿನಿಂದ ಗೆರೆ ಎಳೆದ. ಸಾಣೆಯಂತ್ರದ ಗುಂಡಿ ಒತ್ತಿದ.

ಕಿಡಿ ಹಾರಿತು. ಬರಿಗೈಯಲ್ಲೇ ಹಿಡಿದಿದ್ದ, ಬಿಸಿ ಬೆರಳಿಗೆ ತಿಳಿಯಬೇಕು. ಉಕ್ಕು ಕಾದು ನೀಲಿಗಟ್ಟಿತೆಂದರೆ ಹದ ಹಾರಿ ಚಾಕು ಸೊಪ್ಪೂ ಕೊಯ್ಯುವುದಿಲ್ಲ. ಅದಕ್ಕೇ ಪಕ್ಕದಲ್ಲಿ ತಗಡಿನ ಡಬ್ಬಿ, ಅದರ ತುಂಬ ನೀರು. ಅತ್ತೆಯ ಮಾತು ನೆನಪಾಯಿತು. ನೆನಪಾದದ್ದಕ್ಕೇ ಅವನಿಗೆ ನಗು ಬಂದು, ಅಲಗನ್ನು ನೀರಿಗೆ ಅದ್ದಿದ.

ಚುಯ್ ಎನ್ನಬೇಕಿತ್ತು. ಎನ್ನಲಿಲ್ಲ. ಯಾರೋ ಗಂಟಲು ಕಟ್ಟಿ ಉಸಿರೆಳೆದುಕೊಂಡ ಹಾಗೆ ಸದ್ದಾಯಿತು. ಮನೆಯೊಳಗೆ ಸೈಕಾಲ್ ಕೆಮ್ಮಿದಳು.

ಎರ್ನಿಸ್ ಮತ್ತೆ ಸವೆಸಿದ, ಮತ್ತೆ ಅದ್ದಿದ. ಕಾದ ಉಕ್ಕಿನ ವಾಸನೆಯ ಜೊತೆಗೆ ಎದೆಹಾಲಿನ ವಾಸನೆ. ಆಮೇಲೆ ಹಸಿ ಮಾಂಸದ್ದು. ಮೊನೆ ಚೆಂದವಾಗಿ ಮೂಡುತ್ತಿತ್ತು. ಇನ್ನು ಕೂದಲೆಳೆಯಷ್ಟು. ಮೂರನೆಯ ಸಲ ಅದ್ದಿ ಹಿಡಿದ. ನೀರು ತಾನಾಗಿ ಗುಳುಗುಳು ಎಂದಿತು. ಒಳಗೆ ಮಗು ಚೀರಿತು. ಅದರ ಹಿಂದೆಯೇ ಬುರುಲ್.

ಅವನು ಚಾಕು ಹಿಡಿದುಕೊಂಡೇ ಓಡಿದ. ಹಾಸಿಗೆ ಒಣಗಿತ್ತು, ಸೈಕಾಲ್‌ಳ ಕೂದಲಿನಿಂದ ಮಾತ್ರ ನೀರು ತೊಟ್ಟಿಕ್ಕುತ್ತಿತ್ತು. ತುಟಿ ನೀಲಿ. ಬಾಯಿ ತೆರೆದರೆ ನೀರು. ದಡದಲ್ಲಿ ಬಿದ್ದ ಮೀನಿನಂತೆ ಎದೆ ಬಡಿದುಕೊಳ್ಳುತ್ತಿತ್ತು, ಒಳಗೆ ಗಾಳಿ ಮಾತ್ರ ಹೋಗುತ್ತಿರಲಿಲ್ಲ. ಅವಳು ಗಂಡನ ತೋಳು ಹಿಡಿದಳು. ಉಗುರು ಇಳಿಯುವಷ್ಟು ಬಿಗಿಯಾಗಿ ಹಿಡಿದಳು.

"ಅದ್ದಿದೆಯಾ?" ಎಂದಳು ಬುರುಲ್. ಅವನ ಕೈಯಲ್ಲಿನ ಹೊಸ ಮೊನೆ ನೋಡಿ ಅವಳಿಗೆ ಉತ್ತರ ಬೇಕಾಗಲಿಲ್ಲ. "ಆ ನೀರೆಲ್ಲಿ?"

"ಕೊಟ್ಟಿಗೇಲಿ... ಡಬ್ಬೀಲಿ..."

"ತಗೊಂಬಾ. ಒಲೆ ಮೇಲಿಟ್ಟು ಇಂಗಿಸಿದ್ರೆ ಉಸಿರು ವಾಪಸ್ ಬರತ್ತೆ. ಅವಳು ಹೊಳೇಗೆ ಸುರಿಯೋಕ್ಮುಂಚೆ. ಓಡು, ಹಾಳಾದವನೇ, ಓಡು!"

ಓಡಿದ. ಕೊಟ್ಟಿಗೆಯಲ್ಲಿ ಸಾಣೆ ಇನ್ನೂ ತಿರುಗುತ್ತಿತ್ತು. ಡಬ್ಬಿ ಇರಲಿಲ್ಲ. ಬಾಗಿಲಿನಿಂದ ಹಿಮದ ಮೇಲೆ ಹೆಜ್ಜೆಗಳು ಹೊರಟಿದ್ದವು. ಒಂದು ಬರಿಗಾಲಿನದು, ಇನ್ನೊಂದು ಎಳೆದದ್ದು. ಹೊಳೆಯ ಕಡೆಗೆ.

ದನಗಳಿಗೆ ನೀರು ಕುಡಿಸಲೆಂದು ಮಂಜುಗಡ್ಡೆ ಒಡೆದ ಕುಳಿಯ ಬಳಿ ಅವಳು ಕುಂತಿದ್ದಳು. ಹಳದಿ ಕೂದಲು ಮುಖ ಮುಚ್ಚಿ ನೆಲಕ್ಕೆ ಹರಡಿತ್ತು. ತೊಯ್ದ ಕುರಿಯ ವಾಸನೆ. ಹಿಮ್ಮಡಿಯಲ್ಲಿ ಏನೋ ಕಪ್ಪಗೆ ಚುಚ್ಚಿಕೊಂಡಿತ್ತು. ಡಬ್ಬಿ ಕುಳಿಯ ಮೇಲೆ ವಾಲಿತ್ತು.

"ಬೇಡ! ನಿನ್ನ ಕಾಲಿಗೆ ಬೀಳ್ತೀನಿ," ಎಂದು ಎರ್ನಿಸ್ ಕೂಗಿದ. ಕೂಗಲ್ಲ, ಅಳು.

"ಬರಿಗೈಲಿ ಹೋಗೋಳಲ್ಲ ನಾನು." ಗಂಟಲಿನ ತುಂಬ ನೀರಿಟ್ಟುಕೊಂಡು ಆಡಿದ ಮಾತು. "ಇದನ್ನ ಬಿಡ್ತೀನಿ. ಬದಲಿಗೆ ಇನ್ನೊಂದು ಉಸಿರು ಕೊಡು. ಹೆಸರು ಹೇಳಿ ಕೊಡು."

ತನ್ನ ಹೆಸರು ಹೇಳಬೇಕು. ಅವನಿಗದು ಗೊತ್ತಿತ್ತು. ಮೂರೇ ಅಕ್ಷರ. ಒಂದು ಹೆಜ್ಜೆ ಹಿಂದೆ ಸರಿದ. ಡಬ್ಬಿ ಇನ್ನಷ್ಟು ವಾಲಿತು. ಅಂಚಿಗೆ ನೀರು ಬಂತು. ಸೈಕಾಲ್. ಸೈಕಾಲ್. ಒಂದು ಹನಿ ಅಂಚಿನಲ್ಲಿ ದಪ್ಪಗಾಯಿತು.

"ಬುರುಲ್," ಎಂದುಬಿಟ್ಟ.

ಹೊಳೆ, ಗಾಳಿ, ಸಾಣೆ ಎಲ್ಲವೂ ಒಮ್ಮೆಗೇ ನಿಂತವು.

"ನೀನೇ ಕೊಟ್ಟೆ ಕಣೋ. ಇನ್ಮೇಲೆ ಆ ಹೆಸರು ನಂದು. ಈ ಮನೇಲಿ ಆ ಹೆಸರಿಟ್ಟು ಯಾರನ್ನ ಕರೆದ್ರೂ ನಾನು ಬರ್ತೀನಿ."

ಹಿಮದ ಮೇಲೆ ಡಬ್ಬಿಯಷ್ಟೇ ಉಳಿಯಿತು. ಅದನ್ನು ಎದೆಗವಚಿಕೊಂಡು ಅವನು ಮನೆಗೆ ಬಂದಾಗ ಸೈಕಾಲ್ ಕೂತಿದ್ದಳು. ಕೆಮ್ಮುತ್ತ, ಅಳುತ್ತ, ಉಸಿರಾಡುತ್ತ. ಒಲೆಯ ಮುಂದೆ ಬುರುಲ್ ಬಿದ್ದಿದ್ದಳು. ಡಬ್ಬಿ ಇಡಲೆಂದು ಬೆಂಕಿ ಜೋರು ಮಾಡಿದ್ದಳು. ಕೈಯಲ್ಲಿ ಬೆರಣಿ ಇನ್ನೂ ಇತ್ತು. ಬಾಯಿಂದ ಹೊಳೆಯ ನೀರು ಹರಿದು ಕಂಬಳಿ ತೊಯ್ದಿತ್ತು.

ಮುದುಕಿಯ ಎದೆ ಒಡೆಯಿತು ಎಂದರು ಊರಿನವರು. ಸೈಕಾಲ್ ಹಾಗೆನ್ನಲಿಲ್ಲ. "ಅಮ್ಮ ನನ್ನ ಸಾವನ್ನ ತಾನೇ ಕೇಳಿ ತಗೊಂಡ್ಲು," ಎಂದು ಬಂದವರಿಗೆಲ್ಲ ಹೇಳಿಕೊಂಡು ಅತ್ತಳು. ಎರ್ನಿಸ್ ಹೌದೆಂದು ತಲೆಯಾಡಿಸಿದ. ಒಂಬತ್ತು ದಿನವೂ ತಲೆಯಾಡಿಸುತ್ತಲೇ ಇದ್ದ. ನಾಚಿಕೆಯಿಂದ ಅವನಿಗೆ ಅನ್ನ ನೀರು ಸೇರುತ್ತಿರಲಿಲ್ಲ. ಹೇಳುವ ಧೈರ್ಯ ಮಾತ್ರ ಬರಲಿಲ್ಲ.

ನಲವತ್ತನೆಯ ದಿನ ಮಗುವಿಗೆ ನಲವತ್ತು ಚಮಚ ನೀರಿನ ಸ್ನಾನ. ನೆರೆಹೊರೆಯ ಹೆಂಗಸರು ಬೋಗುಣಿಯ ಸುತ್ತ ಕುಳಿತು ಎಣಿಸುತ್ತ ಒಂದೊಂದೇ ಚಮಚ ಹೊಯ್ದರು. ಮಗು ಕೈಕಾಲು ಬಡಿದು ಅಳುತ್ತಿತ್ತು.

"ಈಗ ಹೆಸರು ಕೂಗು ಎರ್ನಿಸ್. ಅಮ್ಮನ ಹೆಸರೇ ಇಡೋಣ," ಎಂದಳು ಸೈಕಾಲ್.

"ಬೇಡ." ಅವನು ಬೋಗುಣಿಯ ಬಳಿಗೆ ಬಂದ. "ಬೇರೆ... ಬೇರೆ ಯಾವುದಾದ್ರೂ..."

"ಯಾಕೆ?"

ಹೆಂಗಸರೆಲ್ಲ ಅವನ ಮುಖ ನೋಡಿದರು. ಹೇಳಬೇಕು. ಈಗಲೇ. ನಾನೇ ಕೊಟ್ಟೆ ಎನ್ನಬೇಕು. ಬಾಯಿ ತೆರೆದ. ಮುಖ ತಿರುಗಿಸಿಕೊಂಡ.

"ನನಗೆ ಜೀವ ಕೊಟ್ಟವಳ ಹೆಸರು ನಿಂಗೆ ಬೇಡ್ವಾ?" ಸೈಕಾಲ್ ಕಣ್ಣು ತುಂಬಿಕೊಂಡು ಬೋಗುಣಿಯ ಮೇಲೆ ಬಾಗಿದಳು. ಕೊನೆಯ ಚಮಚ ತಾನೇ ಹೊಯ್ದು ಮಗುವಿನ ಕಿವಿಗೆ ತುಟಿ ಹಚ್ಚಿದಳು.

"ಬುರುಲ್," ಎಂದು ಕರೆದಳು. "ಬುರುಲ್. ಬುರುಲ್."

ಎರ್ನಿಸ್ ಚೀರಿದ. ಮಗುವಿನ ಅಳು ಅಷ್ಟರಲ್ಲಾಗಲೇ ನಿಂತಿತ್ತು.