ಮನಬಿಚ್ಚು ಮಂಟಪ

“ನನಗೆ ಜಾತಿಯಲ್ಲಿ ಕಿಂಚಿತ್ತೂ ನಂಬಿಕೆಯಿಲ್ಲ,” ಎಂದರು ಇತಿಹಾಸ ವಿಭಾಗದ ಮುಖ್ಯಸ್ಥರು. ಮಂಟಪದ ನೆತ್ತಿಯಲ್ಲಿದ್ದ ದೀಪ ಕೆಂಪಾಯಿತು.

ಅವರು ಕೆಮ್ಮಿ ಗಂಟಲು ಸರಿಮಾಡಿಕೊಂಡರು. “ಅಂದರೆ, ಮೊದಲು ಇತ್ತು, ಈಗ ಇಲ್ಲ.” ದೀಪ ಕೆಂಪಾಗಿಯೇ ಉಳಿಯಿತು. “ನನ್ನ ಎಷ್ಟೋ ಸ್ನೇಹಿತರು ಆ ಜನಾಂಗದವರೇ.” ಕೆಂಪು. “ಇಬ್ಬರು.” ಕೆಂಪು. “ಒಬ್ಬರ ಪರಿಚಯ ಇದೆ.” ದೀಪ ಹಸಿರಾಯಿತು. ಸುತ್ತ ನಿಂತಿದ್ದವರು ಚಪ್ಪಾಳೆ ತಟ್ಟಿದರು. ಮುಖ್ಯಸ್ಥರು ದೇಶಕ್ಕೆ ಸ್ವಾತಂತ್ರ್ಯ ತಂದವರಂತೆ ಕೈ ಮುಗಿದು ಹೊರಬಂದರು.

ಬಯಲುಸೀಮೆ ವಿಶ್ವವಿದ್ಯಾಲಯದಲ್ಲಿ ಮನಬಿಚ್ಚು ಮಂಟಪದ ಉದ್ಘಾಟನೆ ಆದದ್ದು ಹೀಗೆ. ಗಾಜಿನ ಗೋಡೆಯ ಸಣ್ಣ ಕೋಣೆ, ಎರಡು ಕುರ್ಚಿ, ಮಾತನಾಡುವವರ ಕೊರಳಿಗೆ ಕಟ್ಟಲು ಒಂದು ಕಂಠಪಟ್ಟಿ. ಇಷ್ಟೇ. ಇದರ ಹಿಂದಿದ್ದ ವಿಜ್ಞಾನವೂ ಸರಳವೇ. ಮನುಷ್ಯ ಬಾಯಿ ತೆರೆಯುವ ಮೊದಲೇ ಅವನ ಗಂಟಲಿನ ನರಗಳು ಮನಸ್ಸಿನಲ್ಲಿರುವ ವಾಕ್ಯವನ್ನು ಸದ್ದಿಲ್ಲದೆ ಒಮ್ಮೆ ಆಡಿ ನೋಡುತ್ತವೆ. ಅದನ್ನು ನುಂಗಿ ಬೇರೊಂದು ಮಾತನಾಡಿದರೆ ನರಗಳಲ್ಲಿ ಎರಡು ವಾಕ್ಯಗಳ ಗುರುತು ಉಳಿಯುತ್ತದೆ. ನುಂಗಿದ್ದು ಗುಪ್ತವಾಕ್ಯ, ಆಡಿದ್ದು ವ್ಯಕ್ತವಾಕ್ಯ. ಕಂಠಪಟ್ಟಿ ಎರಡನ್ನೂ ಹೋಲಿಸುತ್ತದೆ. ಒಂದೇ ಆಗಿದ್ದರೆ ಹಸಿರು, ಬೇರೆಯಾಗಿದ್ದರೆ ಕೆಂಪು. ನುಂಗಿದ್ದು ಏನೆಂದು ಯಂತ್ರ ಹೇಳಲಾರದು, ಏನೋ ನುಂಗಿದ್ದಾರೆ ಎಂದಷ್ಟೇ ಹೇಳಬಲ್ಲದು.

ಇದನ್ನು ಕಂಡುಹಿಡಿದ ಡಾ. ಇಂದುಧರ ಪಾಪದ ಮನುಷ್ಯ. ತೊದಲುವ ಮಕ್ಕಳಿಗೆ ಮಾತು ಕಲಿಸಲೆಂದು ಮಾಡಿದ ಯಂತ್ರವನ್ನು ಯಾವ ಆಸ್ಪತ್ರೆಯೂ ಕೊಳ್ಳಲಿಲ್ಲ. ವಿಶ್ವವಿದ್ಯಾಲಯ ಕೊಂಡಿತು. ದೆಹಲಿಯಿಂದ ಮೌಲ್ಯಮಾಪನ ಸಮಿತಿ ಬರುವುದಿತ್ತು. ಜಾತಿಯ ಬಗ್ಗೆ ಮುಕ್ತ ಸಂವಾದ ನಡೆಸುವ ವಿಶ್ವವಿದ್ಯಾಲಯಕ್ಕೆ ಈ ಸಲ ವಿಶೇಷ ಅಂಕಗಳಿದ್ದವು.

ಕೊಳ್ಳುವ ಮುನ್ನ ಕುಲಪತಿಗಳು ಇಂದುಧರರನ್ನು ಕೋಣೆಗೆ ಕರೆಸಿ ಬಾಗಿಲು ಹಾಕಿಸಿದ್ದರು.

“ಇದು ಸುಳ್ಳು ಹಿಡಿಯೋ ಯಂತ್ರ ಅಲ್ಲ ತಾನೇ?”

“ಅಲ್ಲ ಸಾರ್. ಮನಸ್ಸಲ್ಲಿ ಇರೋದನ್ನೇ ಬಾಯಲ್ಲಿ ಹೇಳಿದ್ರೆ ಹಸಿರು. ಹೇಳಿದ್ದು ಒಳ್ಳೇದೋ ಕೆಟ್ಟದ್ದೋ, ಅದು ಯಂತ್ರಕ್ಕೆ ಗೊತ್ತಾಗಲ್ಲ.”

“ಅಂದ್ರೆ, ಕೆಟ್ಟದ್ದು ಹೇಳಿದ್ರೂ ಹಸಿರೇ ಬರುತ್ತಾ?”

“ಬರುತ್ತೆ ಸಾರ್.”

ಕುಲಪತಿಗಳ ಮುಖ ಅರಳಿತು. “ಹಂಗಾದ್ರೆ ಯೋಚನೆ ಇಲ್ಲ ಬಿಡಿ. ನಮ್ಮೋರೆಲ್ಲಾ ಪಾಸಾಗ್ತಾರೆ.”

ಪಾಸಾಗಲೇಬೇಕಿತ್ತು. ದಲಿತ ವಿದ್ಯಾರ್ಥಿಯೊಬ್ಬರ ಎದುರು ಕುಳಿತು ಜಾತಿಯ ಬಗ್ಗೆ ಮನಬಿಚ್ಚಿ ಮಾತನಾಡಿ ಹಸಿರು ದೀಪ ಪಡೆಯದವರಿಗೆ ಬಡ್ತಿಯಿಲ್ಲ ಎಂದು ಸುತ್ತೋಲೆ ಹೊರಟಿತು. ಅಲ್ಲಿಯವರೆಗೆ ಈ ಪಂಡಿತರು ಜಾತಿ ಕೇಳುತ್ತಲೇ ಇರಲಿಲ್ಲ. ‘ಯಾವ ಕಡೆಯವರು?’ ಎಂದು ಕೇಳುತ್ತಿದ್ದರು. ‘ಮನೆದೇವರು ಯಾವುದು?’ ಎನ್ನುತ್ತಿದ್ದರು. ಅಲ್ಲಿಗೂ ಗೊತ್ತಾಗದಿದ್ದರೆ ‘ಹಬ್ಬಕ್ಕೆ ಏನು ಅಡಿಗೆ?’ ಎನ್ನುತ್ತಿದ್ದರು. ಮಾಡೋದೆಲ್ಲ ಅನಾಚಾರ, ಮನೆ ಮುಂದೆ ಬೃಂದಾವನ. ಆ ಬೃಂದಾವನವನ್ನು ಯಂತ್ರ ಕಿತ್ತು ಹಾಕೀತು ಎಂದು ಇಂದುಧರ ಪ್ರಾಮಾಣಿಕವಾಗಿ ನಂಬಿದ್ದರು. ಉಳಿಯುವುದು ಅನಾಚಾರ ಮಾತ್ರ ಎಂಬುದು ಅವರಿಗೆ ಹೊಳೆಯಲಿಲ್ಲ.

ಪ್ರಾಣಿಶಾಸ್ತ್ರ ವಿಭಾಗದ ಪ್ರೊಫೆಸರ್ ಸದಾನಂದಯ್ಯನವರು ಡೀನ್ ಹುದ್ದೆಯ ಮೇಲೆ ಕಣ್ಣಿಟ್ಟಿದ್ದರು. ಅವರ ಜಾತಿ ಯಾವುದೆಂದು ನಾನು ಹೇಳುವುದಿಲ್ಲ. ‘ಸದ್ಯ, ನಮ್ಮವನಲ್ಲ’ ಎಂದು ಓದುಗರಲ್ಲಿ ಕೆಲವರು ನೆಮ್ಮದಿಯ ಉಸಿರು ಬಿಡುವುದು ನನಗೆ ಇಷ್ಟವಿಲ್ಲ. ಮಂಟಪದಲ್ಲಿ ಎದುರು ಕೂರಲು ಅವರು ದೂರ ಹುಡುಕಬೇಕಾಗಿರಲಿಲ್ಲ. ಅವರದೇ ಸಂಶೋಧನಾ ವಿದ್ಯಾರ್ಥಿನಿ ನಳಿನ ಇದ್ದಳು.

ಮುಳಬಾಗಿಲು ಕಡೆಯ ಹುಡುಗಿ. ಹುಣಸೆ ಮರಗಳಲ್ಲಿ ನೇತಾಡುವ ಬಾವಲಿಗಳು ಸಾವಿರಾರು ಮರಿಗಳ ಗದ್ದಲದಲ್ಲಿ ತಮ್ಮ ಮರಿಯ ಕೂಗನ್ನು ಹೇಗೆ ಗುರುತಿಸುತ್ತವೆ ಎಂಬುದು ಅವಳ ವಿಷಯ. ಕುಲಪತಿಗಳು ಮಾತ್ರ ಸಿಕ್ಕಾಗಲೆಲ್ಲ “ನಿಮ್ಮ ಜನಾಂಗದ ಸಮಸ್ಯೆ ಬಗ್ಗೆ ಬರೀತಿದೀಯಲ್ಲಮ್ಮ, ಚೆನ್ನಾಗಿ ಬರಿ,” ಎನ್ನುತ್ತಿದ್ದರು. ಅವಳು ಮಹಾಪ್ರಬಂಧ ಬರೆದು ಮುಗಿಸಿ ಒಂದು ವರ್ಷದ ಮೇಲಾಗಿತ್ತು. ಮಾರ್ಗದರ್ಶಕರಾದ ಸದಾನಂದಯ್ಯನವರ ಸಹಿ ಬಿದ್ದಿರಲಿಲ್ಲ. ಈ ತಿಂಗಳ ಕೊನೆಗೆ ಅವಳ ನೋಂದಣಿಯ ಅವಧಿ ಮುಗಿಯುತ್ತಿತ್ತು. ಸಹಿ ಸಿಗದಿದ್ದರೆ ಆರು ವರ್ಷದ ದುಡಿಮೆ ನೀರಿನಲ್ಲಿ ಹೋಮ ಮಾಡಿದಂತೆ.

ಮಂಟಪಕ್ಕೆ ಬರಲು ಅವಳು ಒಪ್ಪಿದ್ದು ಅದನ್ನು ಕೇಳುವುದಕ್ಕಾಗಿಯೇ.

“ಸಾರ್, ನನ್ನ ಪ್ರಬಂಧಕ್ಕೆ ಯಾಕೆ ಸಹಿ ಹಾಕ್ತಿಲ್ಲ?”

“ಕೆಲಸದ ಒತ್ತಡ ಕಣಮ್ಮ,” ಎಂದರು ಸದಾನಂದಯ್ಯ. ಕೆಂಪು.

“ತಿದ್ದೋದು ಬಹಳ ಇದೆ.” ಕೆಂಪು.

ಅವರು ದೀಪ ನೋಡಿದರು, ಗಾಜಿನಾಚೆ ನಿಂತಿದ್ದ ಕುಲಪತಿಗಳನ್ನು ನೋಡಿದರು, ಡೀನ್ ಕುರ್ಚಿಯನ್ನು ನೆನೆದರು. ನಂತರ ನಿರಾಳವಾಗಿ ಹೇಳಿದರು. “ನೋಡಮ್ಮ, ನಿಜ ಹೇಳ್ತೀನಿ. ನೀನು ಸೇರಿದ ದಿನಾನೇ ನಾನು ಅಂದ್ಕೊಂಡೆ, ಇವರೆಲ್ಲ ಮೀಸಲಾತೀಲಿ ಬರ್ತಾರೆ, ಇವರ ಕೈಲಿ ವಿಜ್ಞಾನ ಎಲ್ಲಾಗುತ್ತೆ ಅಂತ. ನಿನ್ನ ಪ್ರಬಂಧ ಕೈಯಲ್ಲಿ ಹಿಡ್ಕೊಳ್ಳೋಕೂ ನಂಗೆ ಮನಸ್ಸು ಬರಲ್ಲ. ನೀನು ನನ್ನ ಕೋಣೆಗೆ ಬಂದು ಹೋದ್ಮೇಲೆ ಆ ಕುರ್ಚಿ ಒರೆಸ್ತೀನಿ.”

ದೀಪ ಹಸಿರಾಯಿತು. ಅಂಥ ಅಚ್ಚ ಹಸಿರು ಮಂಟಪದಲ್ಲಿ ಅದುವರೆಗೆ ಬಂದಿರಲಿಲ್ಲ. ಹೊರಗೆ ಚಪ್ಪಾಳೆ ಬಿತ್ತು. ಸದಾನಂದಯ್ಯ ಎದೆಯ ಮೇಲೆ ಕೈಯಿಟ್ಟುಕೊಂಡು, “ಎಷ್ಟು ಹಗುರ ಆಯ್ತು ಗೊತ್ತೇನಮ್ಮ! ಥ್ಯಾಂಕ್ಸ್,” ಎಂದರು. ಅವರಿಗೆ ‘ಮನಬಿಚ್ಚಿದ ಪ್ರಾಧ್ಯಾಪಕ’ ಎಂಬ ಪದಕ ಸಿಕ್ಕಿತು. ನಳಿನಾಳಿಗೆ ‘ಸಹಸಂವಾದಿ’ ಎಂಬ ಪ್ರಮಾಣಪತ್ರ ಕೊಟ್ಟರು. ಸಹಿ ಕೊಡಲಿಲ್ಲ.

ಆಮೇಲೆ ಮಂಟಪಕ್ಕೆ ನೂಕುನುಗ್ಗಲು. ಸದಾನಂದಯ್ಯನವರ ಹಸಿರು ನೋಡಿ ಎಲ್ಲರಿಗೂ ಧೈರ್ಯ ಬಂದಿತ್ತು. ಇಷ್ಟು ದಿನ ನಾಚಿಕೆಯಿಂದಲಾದರೂ ಮುಚ್ಚಿಟ್ಟುಕೊಂಡಿದ್ದನ್ನು ಈಗ ಪದಕದ ಆಸೆಗೆ ಬಿಚ್ಚಿದರು. ಒಬ್ಬರು ತಮ್ಮ ಮನೆಯಲ್ಲಿಟ್ಟಿರುವ ಬೇರೆ ಲೋಟದ ಬಗ್ಗೆ ಹೇಳಿ ಹಸಿರು ಪಡೆದರು. ಇನ್ನೊಬ್ಬರು ಮೌಖಿಕ ಪರೀಕ್ಷೆಯಲ್ಲಿ ಹೆಸರು ನೋಡಿ ಅಂಕ ಹಾಕಿದ್ದನ್ನು ಹೇಳಿ ಕಣ್ಣೀರು ಸುರಿಸಿ ಹಸಿರು ಪಡೆದರು. ಆ ಅಂಕವನ್ನು ಬದಲಿಸುವ ಮಾತು ಮಾತ್ರ ಯಾರೂ ಎತ್ತಲಿಲ್ಲ. ಹೇಳಿದವರು ಹಗುರಾಗಿ ಚಹಾ ಕುಡಿಯಲು ಹೋದರು, ಕೇಳಿದ ಹುಡುಗರು ತರಗತಿಗೆ ಬರುವುದನ್ನು ಬಿಟ್ಟರು. ಥೂ, ಇದಕ್ಕೆ ಸಂವಾದ ಎಂದು ಹೆಸರು ಬೇರೆ.

ನಳಿನ ನೇರ ಇಂದುಧರರ ಪ್ರಯೋಗಾಲಯಕ್ಕೆ ಹೋದಳು.

“ಸಾರ್, ನಿಮ್ಮ ಯಂತ್ರ ಕೇಳೋರ ಕಡೆ ಏನಾದ್ರೂ ನೋಡುತ್ತಾ?”

“ಇಲ್ಲಮ್ಮ. ಆಡೋರ ಗಂಟಲು ಅಷ್ಟೇ.” ಇಂದುಧರ ತಲೆ ತಗ್ಗಿಸಿದರು. “ನಾನು ಇದನ್ನ ಹಿಂಗೆ ಅಂದ್ಕೊಂಡಿರಲಿಲ್ಲ. ಮನಸ್ಸು ಬಿಚ್ಚಿದ್ರೆ ಮನಸ್ಸು ಬದಲಾಗುತ್ತೆ ಅಂದ್ಕೊಂಡಿದ್ದೆ.”

“ಅವರ ಮನಸ್ಸು ಕಟ್ಕೊಂಡು ನಂಗೇನಾಗ್ಬೇಕು ಸಾರ್? ನಂಗೆ ಸಹಿ ಬೇಕು. ಇನ್ನೊಂದು ಕೇಳ್ತೀನಿ ಹೇಳಿ. ಅದರಲ್ಲಿ ಜಾತಿ ವಿಷಯಾನೇ ಮಾತಾಡ್ಬೇಕು ಅಂತ ಇದೆಯಾ?”

“ಯಂತ್ರಕ್ಕೆ ಯಾವ ವಿಷಯ ಆದರೇನು? ಬಾವಲಿ ವಿಷಯ ಮಾತಾಡಿದ್ರೂ ನಡೆಯುತ್ತೆ,” ಎಂದರು ಇಂದುಧರ. ನಳಿನ ತಲೆಯಾಡಿಸಿ ಹೊರಟಳು. ಅವಳೇಕೆ ಕೇಳಿದಳೆಂದು ಅವರಿಗೆ ತಿಳಿದದ್ದು ಸಮಿತಿ ಬಂದ ಮೇಲೆ.

ಸಮಿತಿಯ ಅಧ್ಯಕ್ಷೆ ಧಾರವಾಡ ಕಡೆಯ ಹಿರಿಯ ಹೆಂಗಸು, ಪ್ರಮೀಳಾ ದೇಸಾಯಿ. ಅವರ ಮುಂದೆ ಮಾದರಿ ಸಂವಾದಕ್ಕೆ ಕುಲಪತಿಗಳು ಪದಕದ ಸದಾನಂದಯ್ಯನವರನ್ನೇ ಕೂರಿಸಿದರು, ಎದುರಿಗೆ ನಳಿನಾಳನ್ನು. ಸದಾನಂದಯ್ಯ ಕುರ್ಚಿ ಒರೆಸುವ ಕಥೆಯನ್ನು ಪಾಠ ಒಪ್ಪಿಸಿದಂತೆ ಒಪ್ಪಿಸಿದರು. ಹಸಿರು. ಸಮಿತಿಯವರು ಬರೆದುಕೊಂಡರು.

“ನಿನಗ ಏನರೆ ಕೇಳೋದೈತೇನವಾ?” ಎಂದರು ದೇಸಾಯಿ.

“ಒಂದೇ ಮಾತು ಮೇಡಂ.” ನಳಿನ ತನ್ನ ಮಾರ್ಗದರ್ಶಕರ ಕಡೆ ತಿರುಗಿದಳು. “ಸಾರ್, ನನ್ನ ಪ್ರಬಂಧ ಓದಿದ್ದೀರಾ?”

“ಓದಿದೀನಿ,” ಎಂದರು ಸದಾನಂದಯ್ಯ ಥಟ್ಟನೆ. ಕೆಂಪು. “ಮೇಲೆ ಮೇಲೆ ಓದಿದೀನಿ.” ಕೆಂಪು.

ಕುಲಪತಿಗಳು ನಕ್ಕು ಮಾತು ತೇಲಿಸಲು ನೋಡಿದರು. ದೇಸಾಯಿ ಕನ್ನಡಕ ತೆಗೆದರು. “ನಾವು ನಾಡಿದ್ದಿನ ತನಕಾ ಇಲ್ಲೇ ಇರ್ತೀವಿ. ಓದಿಕೊಂಡು ಬರ್ರಿ, ಸರ. ಹಸಿರು ಬರಲಿಲ್ಲಂದ್ರ ನಾವು ಏನು ಬರೀಬೇಕೋ ಬರೀತೀವಿ.”

ಕುಲಪತಿಗಳೇ ಸದಾನಂದಯ್ಯನವರನ್ನು ಅತಿಥಿಗೃಹದ ಕೋಣೆಯಲ್ಲಿ ಪ್ರಬಂಧದೊಂದಿಗೆ ಕೂಡಿಹಾಕಿದರು. ಇಡೀ ವೃತ್ತಿಜೀವನದಲ್ಲಿ ಅವರು ಒಂದು ಮಹಾಪ್ರಬಂಧವನ್ನು ಕೊನೆಯವರೆಗೆ ಓದಿದ್ದು ಅದೇ ಮೊದಲು.

ಮತ್ತೆ ಮಂಟಪ. ಕಂಠಪಟ್ಟಿ ಕಟ್ಟಿದರು.

“ಓದಿದೀನಿ.” ಹಸಿರು. ಕುಲಪತಿಗಳು ಬೆವರು ಒರೆಸಿಕೊಂಡು ಏಳಲು ಹೊರಟರು.

“ಹೆಂಗಿದೆ ಸಾರ್?” ಎಂದಳು ನಳಿನ.

“ಸಾಧಾರಣ.” ಕೆಂಪು.

“ವಿಷಯ ಹಳೇದು.” ಕೆಂಪು.

“ಲೆಕ್ಕಾಚಾರದಲ್ಲಿ ತಪ್ಪುಗಳಿವೆ.” ಕೆಂಪು.

“ಇದನ್ನ ಯಾರೋ ಬರ್ಕೊಟ್ಟಿದಾರೆ.” ಕೆಂಪು, ಮೊದಲಿಗಿಂತ ಗಾಢವಾಗಿ.

ಸದಾನಂದಯ್ಯ ನೀರು ಕೇಳಿ ಕುಡಿದರು. ಕುರ್ಚಿ ಒರೆಸುವುದನ್ನು ಊರ ಮುಂದೆ ನಗುನಗುತ್ತ ಹೇಳಿದ್ದವರು ಈಗ ಕಂಠಪಟ್ಟಿ ಸಡಿಲಿಸಲು ನೋಡಿದರು. ತಾಯಿಬಾವಲಿ ಮರಿಯ ಕೂಗಿಗೆ ಮರುಕೂಗು ಕೊಡುವ ಬಗೆಯನ್ನು ಈ ಹುಡುಗಿ ಬಿಡಿಸಿಟ್ಟಿದ್ದ ಅಧ್ಯಾಯವನ್ನು ಅವರು ಎರಡು ಸಲ ಓದಿದ್ದರು. ಎರಡನೆಯ ಸಲ ಓದಬೇಕಾಗಿರಲಿಲ್ಲ, ಓದದೆ ಇರಲಾಗಿರಲಿಲ್ಲ. ಅಷ್ಟು ಒಳ್ಳೆಯದನ್ನು ತಾವು ಜನ್ಮದಲ್ಲಿ ಬರೆದಿಲ್ಲವೆಂದು ಅವರಿಗೇ ಗೊತ್ತಿತ್ತು.

“ಚೆನ್ನಾಗಿದೆ,” ಎಂದು ತುಟಿಯಲ್ಲೇ ಗೊಣಗಿದರು. ದೀಪ ಹೊತ್ತಿಕೊಳ್ಳಲೇ ಇಲ್ಲ.

“ಯಂತ್ರಕ್ಕೆ ಕೇಳಿಸಲಿಲ್ಲ ಸಾರ್. ಸ್ವಲ್ಪ ಜೋರಾಗಿ ಹೇಳ್ಬೇಕು,” ಎಂದರು ಇಂದುಧರ. ಆ ಮಾತು ಹೇಳುವಾಗ ಅವರಿಗೆ ಎಷ್ಟು ಖುಷಿಯಾಯಿತೆಂದರೆ, ಯಂತ್ರ ಮಾಡಿದ್ದು ಸಾರ್ಥಕವಾಯಿತು ಎನ್ನಿಸಿತು.

“ಚೆನ್ನಾಗಿದೆ! ತುಂಬಾ ಚೆನ್ನಾಗಿದೆ!”

ಹಸಿರು. ಈ ಸಲ ಯಾರೂ ಚಪ್ಪಾಳೆ ತಟ್ಟಲಿಲ್ಲ. ಅವರಿಗೆ ಹಗುರವಾದಂತೆಯೂ ಕಾಣಲಿಲ್ಲ. ನಳಿನ ಪೆನ್ನು ಮುಂದೆ ಹಿಡಿದಳು, ಅವರು ಸಹಿ ಹಾಕಿದರು. ಸಮಿತಿ ವಿಶ್ವವಿದ್ಯಾಲಯಕ್ಕೆ ಮುಕ್ತ ಸಂವಾದದ ವಿಭಾಗದಲ್ಲಿ ಪೂರ್ಣ ಅಂಕ ಕೊಟ್ಟು ಹೋಯಿತು.

ಮಾರನೆಯ ದಿನ ಮಂಟಪದ ಮುಂದೆ ಎಲ್ಲ ಜಾತಿಯ ಸಂಶೋಧನಾ ವಿದ್ಯಾರ್ಥಿಗಳೂ ಪ್ರಬಂಧಗಳನ್ನು ಬಗಲಲ್ಲಿಟ್ಟುಕೊಂಡು ಸಾಲು ನಿಂತರು. ಎಲ್ಲರದ್ದೂ ಒಂದೇ ಪ್ರಶ್ನೆ, ‘ನನ್ನ ಪ್ರಬಂಧ ಓದಿದ್ದೀರಾ?’ ದೀಪ ದಿನವಿಡೀ ಕೆಂಪಾಗಿಯೇ ಉರಿಯಿತು. ಪ್ರಾಧ್ಯಾಪಕರು ತಮ್ಮವರ ಪ್ರಬಂಧಕ್ಕೆ ಓದದೆಯೇ ಸಹಿ ಹಾಕಿದ್ದರು, ಬೇರೆಯವರದ್ದನ್ನು ಓದದೆಯೇ ತಡೆದಿದ್ದರು. ಓದುವ ಪಾಪವನ್ನು ಮಾತ್ರ ಯಾರೂ ಮಾಡಿರಲಿಲ್ಲ.

ಆ ವಾರ ವಿದ್ಯಾವಿಷಯಕ ಪರಿಷತ್ತು ತುರ್ತಾಗಿ ಸಭೆ ಸೇರಿತು. ಅಲ್ಲಿಯವರೆಗೆ ಯಾವ ವಿಷಯದಲ್ಲೂ ಒಮ್ಮತಕ್ಕೆ ಬರದ ಪ್ರಾಧ್ಯಾಪಕರು ಜಾತಿ ಪಂಗಡಗಳ ಭೇದವಿಲ್ಲದೆ ಕೈಯೆತ್ತಿ ಒಂದು ನಿರ್ಣಯವನ್ನು ಅಂಗೀಕರಿಸಿದರು. ಮನಬಿಚ್ಚು ಮಂಟಪದಲ್ಲಿ ಇನ್ನು ಮುಂದೆ ಜಾತಿಯ ಬಗ್ಗೆ ಮಾತ್ರ ಮಾತನಾಡತಕ್ಕದ್ದು, ವಿದ್ಯೆಯ ಬಗ್ಗೆ ಪ್ರಶ್ನೆ ಕೇಳುವವರ ಮೇಲೆ ಶಿಸ್ತು ಕ್ರಮ ಜರುಗಿಸಲಾಗುವುದು.