ಹನ್ನೊಂದು ನಲವತ್ತರ ರುಜು

ಮಾರ್ಚ್ ಹದಿನಾಲ್ಕು, ಮಂಗಳವಾರ, ಬೆಳಿಗ್ಗೆ ಒಂಬತ್ತು ಇಪ್ಪತ್ತಕ್ಕೆ ಕ್ಯಾರಿಗಲೈನ್ ಊರಿನ ಪೊಲೀಸ್ ಠಾಣೆಗೆ ಬಂದ ಡರ್ವ್‌ಲಾ ಕೂಗನ್, ಕೂರಲು ಹೇಳಿದರೂ ಕೂರಲಿಲ್ಲ. ಆಕೆ ಊರಾಚೆಯ ಔಷಧ ಕಾರ್ಖಾನೆಯಲ್ಲಿ ಸಾಫ್ಟ್‌ವೇರ್ ಎಂಜಿನಿಯರ್. ಮಕ್ಕಳ ಹೃದಯದ ಔಷಧಿಗೆ ಪುಡಿ ತೂಗುವಾಗ ತೂಕ ತಪ್ಪಿದರೆ ಯಂತ್ರವನ್ನು ನಿಲ್ಲಿಸಬೇಕಾದ ಹೊಸ ಸಾಫ್ಟ್‌ವೇರ್ ನಿಲ್ಲಿಸಿರಲಿಲ್ಲ. ಎರಡು ಪಟ್ಟು ಕಡುವಾದ ಔಷಧಿ ಕುಡಿದು ಹತ್ತಿರದ ಕಾರ್ಕ್ ನಗರದ ಆಸ್ಪತ್ರೆಯಲ್ಲಿ ಆರು ವರ್ಷದ ಹುಡುಗಿಯೊಬ್ಬಳು ಮಲಗಿದ್ದಳು. ಆ ಸಾಫ್ಟ್‌ವೇರನ್ನು ಪರೀಕ್ಷಿಸಿ ಸರಿಯಿದೆ ಎಂದ ದಾಖಲೆಯಲ್ಲಿ, ಪಾಸ್‌ವರ್ಡ್ ಕೊಟ್ಟು ಕಂಪ್ಯೂಟರಿನಲ್ಲೇ ಹಾಕುವ ರುಜು ಇದ್ದದ್ದು ಡರ್ವ್‌ಲಾಳದು.

"ಫೆಬ್ರವರಿ ಆರು, ಹನ್ನೊಂದು ನಲವತ್ತು ಅಂತಿದೆ. ಆ ಹೊತ್ತಿಗೆ ನಾನು ನಮ್ಮಮ್ಮನ ಶವಪೆಟ್ಟಿಗೆಗೆ ಹೆಗಲು ಕೊಟ್ಟಿದ್ದೆ, ಸಾರ್ಜೆಂಟ್."

ಡಿಟೆಕ್ಟಿವ್ ಸಾರ್ಜೆಂಟ್ ಇಮೆಲ್ಡಾ ಹೋರ್ಗನ್ ದೂರು ಬರೆದುಕೊಂಡಳು. ಪಾಸ್‌ವರ್ಡ್ ಯಾರಿಗಾದರೂ ಕೊಟ್ಟಿದ್ದಿರಾ ಎಂದು ಕೇಳಿದಾಗ ಡರ್ವ್‌ಲಾಳ ಕಿವಿ ಕೆಂಪಾಯಿತು. ಅಮ್ಮನಿಗೆ ಕಾಯಿಲೆ ಜೋರಾಗಿದೆ ಎಂದು ಓಡುವ ಅವಸರದಲ್ಲಿ, ನಿನ್ನ ಕೆಲಸ ನಾನು ನೋಡಿಕೊಳ್ಳುತ್ತೇನೆ ಎಂದವರಿಗೆ ಕೊಟ್ಟಿದ್ದಳು. ಹೆಸರನ್ನು ದೂರಿನ ಹಾಳೆ ಎಳೆದುಕೊಂಡು ತಾನೇ ಬರೆದಳು. ಫಿನ್‌ಬಾರ್ ಲೆಹೇನ್, ಅವಳಿಗೆ ಕೆಲಸ ಕಲಿಸಿದ ಹಿರಿಯ.

ಮಧ್ಯಾಹ್ನ ಇಮೆಲ್ಡಾ ಮತ್ತು ಪೇದೆ ಟೈಗ್ ಕಾರ್ಖಾನೆಯಲ್ಲಿ ಮಹಜರು ನಡೆಸಿ ಕಂಪ್ಯೂಟರ್ ಜಪ್ತಿ ಮಾಡಿದರು. ರುಜು ಬಿದ್ದದ್ದು ಫಿನ್‌ಬಾರನ ಮೇಜಿನ ಕಂಪ್ಯೂಟರಿನಿಂದ. ಬಾಗಿಲ ಕಾರ್ಡಿನ ದಾಖಲೆಯಂತೆ ಆ ಹೊತ್ತಿಗೆ ಕೋಣೆಯಲ್ಲಿದ್ದವನು ಅವನೊಬ್ಬನೇ. ಉಳಿದವರೆಲ್ಲ ಅಂತ್ಯಕ್ರಿಯೆಗೆ ಹೋಗಿದ್ದರು. ಪರೀಕ್ಷೆ ನಡೆದೇ ಇರಲಿಲ್ಲ. ಫಲಿತಾಂಶದ ಅಂಕಿಗಳನ್ನು ಯಾರೋ ಕೂತು ಒಂದೊಂದಾಗಿ ತುಂಬಿದ್ದರು.

ಗುರುವಾರ ಹನ್ನೆರಡೂಕಾಲಿಗೆ, ಕ್ಯಾಂಟೀನಿನಲ್ಲಿ ಊಟಕ್ಕೆ ಕೂತಿದ್ದ ಫಿನ್‌ಬಾರನನ್ನು ಬಂಧಿಸಿದರು. ಐವತ್ತೆಂಟರ ಮನುಷ್ಯ ಫೋರ್ಕನ್ನು ಮೆಲ್ಲಗೆ ಕೆಳಗಿಟ್ಟ.

"ಹಿಂದಿನ ಬಾಗಿಲಿಂದ ಹೋಗೋಣ್ವಾ? ಈ ಹುಡುಗ್ರ ಮುಂದೆ ಬೇಡ."

ಇಮೆಲ್ಡಾ ಒಪ್ಪಿದಳು. ಆದರೂ ಅಷ್ಟರಲ್ಲೇ ಇಡೀ ಕ್ಯಾಂಟೀನು ಎದ್ದು ನಿಂತಿತ್ತು.

ಠಾಣೆಯಲ್ಲಿ ಅವನು ಯಾವುದನ್ನೂ ಅಲ್ಲಗಳೆಯಲಿಲ್ಲ. ಕೆಲಸ ಡರ್ವ್‌ಲಾಳ ಹೆಸರಲ್ಲಿತ್ತು, ಅಂದೇ ಮುಗಿಯಬೇಕಿತ್ತು, ಅದಕ್ಕೇ ಅವಳ ರುಜು ಎಂದ.

"ಪರೀಕ್ಷೆ ಯಾಕೆ ಮಾಡ್ಲಿಲ್ಲ?" ಇಮೆಲ್ಡಾ ಕೇಳಿದಳು.

"ಮಾಡೋದು ಗೊತ್ತಿರ್ಲಿಲ್ಲ."

"ಯಾರನ್ನಾದ್ರೂ ಕೇಳ್ಬಹುದಿತ್ತಲ್ಲ?"

ಫಿನ್‌ಬಾರ್ ಮೇಜಿನ ಅಂಚು ಸವರುತ್ತ ಕೂತ. "ಅವ್ರೆಲ್ಲ ನನ್ನನ್ನ ಕೇಳೋರು."

ಹುಡುಗಿ ಅಪಾಯದಿಂದ ಪಾರಾಗಿದ್ದಾಳೆ ಎಂದು ಟೈಗ್ ತಿಳಿಸಿದಾಗ ಅವನು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ.

ಶುಕ್ರವಾರ ಇಮೆಲ್ಡಾ ವರದಿ ಮುಗಿಸಿದಳು. ಕೊನೆಯ ಹೇಳಿಕೆ ತರಬೇತಿ ಕೊಟ್ಟ ಯುವತಿಯದು. ಡಿಸೆಂಬರಿನಲ್ಲಿ ಎರಡು ದಿನ ಅವಳು ಕಾರ್ಖಾನೆಯವರಿಗೆ ಹೊಸ ಸಾಫ್ಟ್‌ವೇರನ್ನು ಪರೀಕ್ಷಿಸುವುದು ಹೇಗೆಂದು ಕಲಿಸಿದ್ದಳು. ಏನಾದರೂ ಸಂದೇಹ ಇದೆಯೇ ಎಂದು ಕೇಳಿದಾಗ ಎಲ್ಲರೂ ತಿರುಗಿ ಫಿನ್‌ಬಾರನ ಕಡೆ ನೋಡಿದರಂತೆ. ಅವನು ನಕ್ಕು, ಇಲ್ಲ ಎಂದು ತಲೆಯಾಡಿಸಿದನಂತೆ.